ಕಂಡಕ್ಟರ್ ತೋರಿಸಿದ ಜಾಗದಲ್ಲಿ ಸಹಿ

ಹಾಸನದಿಂದ ಹಿರೀಸಾವೆವರೆಗಿನ ರಸ್ತೆಯಲ್ಲಿ, ನನಗೆ ಏನಾಗಿದೆ ಎಂದು ಗೊತ್ತಿಲ್ಲದೆ ಓಡಾಡುತ್ತಿದ್ದವನು ನಾನೊಬ್ಬನೇ. ಇಪ್ಪತ್ತೆಂಟು ವರ್ಷ ಅದೇ ರಸ್ತೆಯಲ್ಲಿ ಸರ್ಕಾರಿ ಬಸ್ಸು ಓಡಿಸಿದವನು ನಾನು. ಯಾವ ಸ್ಟಾಪಿನಲ್ಲಿ ಯಾವ ಅಜ್ಜಿ ಹತ್ತುತ್ತಾಳೆ, ಅವಳ ಮಗಳ ಮನೆ ಎಲ್ಲಿ, ಎಲ್ಲ ಗೊತ್ತಿತ್ತು. ನನ್ನ ಎದೆಯೊಳಗೆ ಏನಿದೆ ಅನ್ನುವುದು ಮಾತ್ರ ಟೀ ಅಂಗಡಿಯವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಕೊನೆಯ ಹದಿನಾರು ವರ್ಷ ನನ್ನ ಜೊತೆಗಿದ್ದವನು ಒಬ್ಬನೇ ಕಂಡಕ್ಟರ್. ನನಗಿಂತ ಆರು ವರ್ಷ ಚಿಕ್ಕವನು, ಅಣ್ಣ ಅಂತಲೇ ಕರೆಯುತ್ತಿದ್ದ. ಸ್ಟ್ಯಾಂಡಿನಲ್ಲಿ ಬಸ್ಸು ಹಿಂದಕ್ಕೆ ತೆಗೆಯುವಾಗ ಅವನು ಇಳಿದು ಸೀಟಿ ಊದುತ್ತಿದ್ದ, ನಾನು ಕನ್ನಡಿ ಕೂಡ ನೋಡದೆ ತೆಗೆಯುತ್ತಿದ್ದೆ. ಟ್ರಿಪ್ ಮುಗಿದ ಮೇಲೆ ಶೀಟು ತಂದು ಸ್ಟೇರಿಂಗ್ ಮೇಲೆ ಇಟ್ಟು, ಸಹಿ ಹಾಕುವ ಜಾಗಕ್ಕೆ ಬೆರಳಿಡುತ್ತಿದ್ದ. ನಾನು ಗೀಚಿ ಕೊಡುತ್ತಿದ್ದೆ. ಒಂದು ದಿನವೂ ಓದಿದವನಲ್ಲ.

ನಿವೃತ್ತಿಯಾದ ವರ್ಷವೇ ಮುದ್ದೆ ಕೈಕೊಟ್ಟಿತು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಒಂದು ಮಧ್ಯಾಹ್ನ ಉಪ್ಸಾರಿನಲ್ಲಿ ಹೊರಳಿಸಿದ ತುತ್ತು ಎದೆಯ ನಡುವೆ ನಿಂತುಬಿಟ್ಟಿತು. ನೀರು ಕುಡಿದರೆ ನೀರೂ ವಾಪಸ್ಸು ಬಂತು. ಹಿಟ್ಟು ಸರಿಯಾಗಿ ತಿರುವಿಲ್ಲ ಎಂದು ಹೆಂಡತಿಯ ಮೇಲೆ ರೇಗಿದೆ. ಮರುದಿನದಿಂದ ತುತ್ತು ಚಿಕ್ಕದು ಮಾಡಿದೆ, ಆಮೇಲೆ ಮುದ್ದೆ ಬಿಟ್ಟು ಅನ್ನ, ಅನ್ನ ಬಿಟ್ಟು ಗಂಜಿ. ಎರಡು ತಿಂಗಳಲ್ಲಿ ಬೆಲ್ಟಿನ ತೂತು ಸಾಲದೆ ಪ್ಯಾಂಟಿಗೆ ದಾರ ಕಟ್ಟುವ ಹಾಗಾಯಿತು. ಕಂಡಕ್ಟರೇ ಬಂದು ಹಾಸನಕ್ಕೆ ಎಳೆದುಕೊಂಡು ಹೋದ.

ಬಾಯಿಂದ ಕ್ಯಾಮೆರಾ ಪೈಪು ಇಳಿಸಿ ನೋಡಿದರು, ಒಂದು ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರಿಪೋರ್ಟು ಬಂದಾಗ ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಅವನೂ ನನ್ನ ಹೆಂಡತಿಯೂ ಡಾಕ್ಟರ ಕೋಣೆಗೆ ಹೋದರು. ಈಚೆ ಬಂದಾಗ ಅವಳ ಕಣ್ಣು ಕೆಂಪಗಿತ್ತು.

"ಹುಣ್ಣು ಕಣಣ್ಣ," ಅಂದ ಅವನು. "ಆಳಕ್ಕೆ ಓಗ್ಬುಟ್ಟದಂತೆ. ಆ ಪೀಸ್ ತೆಗುದ್ರೆ ಮುಗೀತು."

"ಹುಣ್ಣಿಗೆಲ್ಲ ಅಳ್ತಾರೇನೆ, ಮಂಕೆ," ಎಂದು ನಾನೇ ಹೆಂಡತಿಯನ್ನು ಗದರಿಸಿದೆ. ಈಗ ನೆನೆದರೆ ಮೈ ಉರಿಯುತ್ತದೆ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಒಂದು ಹಾಳೆಯಲ್ಲಿ ಚಿತ್ರ ಬರೆದು ತೋರಿಸಿದರು. ಅನ್ನನಾಳದ ಕೆಟ್ಟ ಭಾಗ ತೆಗೆದುಹಾಕಿ, ಹೊಟ್ಟೆಯ ಚೀಲವನ್ನೇ ಕೊಳವೆಯ ಹಾಗೆ ಉದ್ದಕ್ಕೆ ಮಾಡಿ, ಎದೆಯೊಳಗಿಂದ ಮೇಲಕ್ಕೆಳೆದು ಕುತ್ತಿಗೆಯ ಹತ್ತಿರ ಜೋಡಿಸುತ್ತಾರಂತೆ. "ಕಾಯಿಲೆ ವಿಚಾರ ಮನೆಯವರು ನಿಮಗೆ ಎಲ್ಲ ಹೇಳಿದ್ದಾರೆ ತಾನೆ?" ಎಂದು ಕೇಳಿದರು. ಹೇಳಿದ್ದಾರೆ ಸಾ ಎಂದೆ, ಎದೆ ಉಬ್ಬಿಸಿಕೊಂಡು. ಆಮೇಲೆ ಒಪ್ಪಿಗೆ ಪತ್ರ ಬಂತು. ನಾಲ್ಕು ಪುಟ, ಕನ್ನಡದಲ್ಲೇ ಇತ್ತು. ನಾನು ಏಳನೇ ಕ್ಲಾಸು ಓದಿದ್ದೇನೆ, ಪೇಪರು ಓದುತ್ತೇನೆ. ಆದರೆ ಪತ್ರ ಹಿಡಿದಿದ್ದವನು ನನ್ನ ಕಂಡಕ್ಟರ್. ಬೆರಳಿಟ್ಟ. ಗೀಚಿ ಕೊಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು, ಅದರ ಬಗ್ಗೆ ನನ್ನ ತಕರಾರಿಲ್ಲ. ಎರಡು ವಾರ ಆಸ್ಪತ್ರೆ, ಕರುಳಿಗೆ ಹಾಕಿದ ಸಣ್ಣ ಪೈಪಿನಲ್ಲಿ ಊಟ. ಆಮೇಲೆ ಮೂರು ಚಮಚ ನೀರು, ಆರು ಚಮಚ ಗಂಜಿ. ದಿನಕ್ಕೆ ಆರು ಸಲ ಹಿಡಿಯಷ್ಟು ತಿನ್ನಬೇಕು, ತಿಂದ ಮೇಲೆ ಮಲಗಬಾರದು, ಬಗ್ಗಬಾರದು, ಬಗ್ಗಿದರೆ ಹುಳಿ ಬಾಯಿಗೇ ಬರುತ್ತದೆ. ದನಿ ಒಡೆದುಹೋಯಿತು. ಆದರೂ ಮೂರು ತಿಂಗಳಿಗೆ ನಮ್ಮೂರು ಚನ್ನರಾಯಪಟ್ಟಣದ ಸಂತೆಗೆ ನಡೆದು ಹೋಗುವಂತಾದೆ. ಹುಣ್ಣು ಗೆದ್ದೆ ಎಂದು ಸಿಕ್ಕಿದವರಿಗೆಲ್ಲ ಹೇಳಿದೆ. ಅವರೆಲ್ಲ ಹ್ಞೂಂ ಸಾ, ಹ್ಞೂಂ ಸಾ ಎಂದು ತಲೆಯಾಡಿಸಿದರು.

ಒಂದು ಬೆಳಿಗ್ಗೆ ಮಲ್ಲಿಪಟ್ಟಣದ ಕಡೆಯ ರೈತನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದ. ಹೆಂಡತಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಆತ ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತ.

"ಸಾ, ನಮ್ಮನೆಯವಳ್ಗೂ ನಿಮ್ದೇ ಕಾಯಿಲೆ. ಅನ್ನನಾಳದ ಕ್ಯಾನ್ಸರು. ನೀವು ಆಪ್ರೇಸನ್ ಮಾಡುಸ್ಕೊಂಡು ಚೆಂದಾಗಿದ್ದೀರ ಅಂತ ಶಾಂತಿಗ್ರಾಮದ ಟೀ ಅಂಗ್ಡೀಲಿ ಯೋಳುದ್ರು."

"ನಂದು ಹುಣ್ಣು," ಎಂದೆ.

ಆತ ನಕ್ಕ, ಸ್ನೇಹದಿಂದಲೇ. "ಅವಳ್ಗೂ ನಾವು ಅಂಗೇ ಯೋಳಿರೋದು ಸಾ. ಆದ್ರೂ ಆಪ್ರೇಸನ್‌ಗೆ ಒಪ್ತಾ ಇಲ್ಲ. ನೀವೊಂದ್ಸಲ ಬಂದು, ಬರೀ ಹುಣ್ಣು ಕಣವ್ವ ಎದರ್ಬ್ಯಾಡ ಅಂತ ಯೋಳುದ್ರೆ ನಂಬ್ತಾಳೆ."

ಆತನಿಗೆ ನೀರು ಕೊಟ್ಟೆ. ಬರುತ್ತೇನೆ ಎಂದೆ. ಊರಿನ ಗುರುತು ಕೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತೆ.

ಸಂಜೆ ಕಂಡಕ್ಟರನ್ನು ಕರೆಸಿ, ಅವನನ್ನೂ ಹೆಂಡತಿಯನ್ನೂ ಎದುರಿಗೆ ಕೂರಿಸಿಕೊಂಡು, ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಕಂಡಕ್ಟರ್ ತಲೆ ಎತ್ತಲಿಲ್ಲ.

"ನಿಮ್ಮಣ್ಣನ್ ಗತಿ ನೋಡುದ್ಮೇಲೆ ನೀನೇ ಅಂದಿದ್ದೆ," ಅಂದ. "ನಂಗೇನಾರ ಅದು ಬಂದ್ರೆ ಮೈಗೆ ಕತ್ರಿ ಮುಟ್ಟುಸ್ಬ್ಯಾಡಿ, ಇಂಗೇ ಬುಟ್ಬುಡಿ ಅಂತ. ಒಂದ್ಸಲ ಅಲ್ಲ, ಅತ್ತು ಸಲ. ಯೋಳಿದ್ರೆ ನೀನು ಉಳೀತಿರ್ನಿಲ್ಲ ಕಣಣ್ಣ."

ನಿಜ. ನನ್ನ ಅಣ್ಣ ಹೊಟ್ಟೆ ಕ್ಯಾನ್ಸರಿನಲ್ಲಿ ಹೋದವನು, ಆಪರೇಷನ್ ಆದರೂ ಉಳಿಯಲಿಲ್ಲ. ಆ ನೋವಿನಲ್ಲಿ ಹಾಗೆ ಅಂದಿದ್ದೆ. ಟೀ ಕುಡಿಯುತ್ತ ಅಂದ ಮಾತನ್ನು ಹಿಡಿದು ನನ್ನ ಪರವಾಗಿ ಇವರೇ ತೀರ್ಮಾನ ಮಾಡಿದರು.

"ಬದುಕಿದೀರಲ್ರಿ," ಅಂದಳು ಹೆಂಡತಿ. "ಅದ್ಕಿಂತ ಇನ್ನೇನು ಬೇಕಿತ್ತು ನಮ್ಗೆ."

"ನಿಮ್ಗೆ ಬೇಡ. ನಂಗೆ ಬೇಕಿತ್ತು," ಎಂದೆ. "ನನ್ನ ಮೈ ಕೊಯ್ಯೋಕೆ ಮುಂಚೆ ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವೇನ್ಲಾ ನಿಂಗೆ? ಊರೋರ್ಗೆಲ್ಲ ಹೇಳಿದೀಯ."

ಊರವರಿಗೆ ಅವನು ಹೇಳಿರಲಿಲ್ಲ. ಡಿಪೋದಲ್ಲಿ ರಕ್ತ ಕೊಡುವವರನ್ನು ಹುಡುಕುವಾಗ ಹೇಳಲೇಬೇಕಾಯಿತಂತೆ, ಅಲ್ಲಿಂದ ಬಸ್ಸಿನ ಜೊತೆ ಸುದ್ದಿಯೂ ಓಡಿದೆ. ಅದರಿಂದ ನನಗೆ ಸಮಾಧಾನವಾಗಲಿಲ್ಲ. ಅವನಿಗೆ ಎದ್ದು ಹೋಗು ಎಂದೆ. ಹೋದ. ಹೆಂಡತಿ ತಂದಿಟ್ಟ ಗಂಜಿಯನ್ನು ಮುಟ್ಟಲಿಲ್ಲ. ನನ್ನನ್ನು ಉಳಿಸಿದವರ ಮೇಲೆ ಸಿಟ್ಟು ಮಾಡಿಕೊಂಡಿದ್ದೇನಲ್ಲ ಎಂದು ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಇಳಿಯುತ್ತಿರಲಿಲ್ಲ.

ವಾರದ ಮೇಲೆ ಅರಕಲಗೂಡಿನಲ್ಲಿ ಬಸ್ಸು ಬದಲಾಯಿಸಿ ಆ ರೈತನ ಊರಿಗೆ ಒಬ್ಬನೇ ಹೋದೆ. ಆತ ನನ್ನನ್ನು ಜಗಲಿಯ ಮೇಲೆ ಕೂರಿಸಿ ಹಾಲು ತರಲು ಒಳಗೆ ಹೋದ. ಆತನ ಹೆಂಡತಿ ಆಲೂಗೆಡ್ಡೆ ಆರಿಸುತ್ತ ಕೂತಿದ್ದಳು. ಐವತ್ತರ ಆಸುಪಾಸು, ಕೈಯ ಮೂಳೆಗಳೆಲ್ಲ ಎದ್ದಿದ್ದವು. ನನ್ನ ಕುತ್ತಿಗೆಯ ಹೊಲಿಗೆ ಗೆರೆಯನ್ನು ನೋಡಿದಳು.

"ನಿಮ್ಗೂ ಹುಣ್ಣಂತಲ್ಲ ಸಾ," ಅಂದಳು.

ಬಸ್ಸಿನುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಿಕೊಂಡು ಬಂದಿದ್ದೆ. ಹೇಳಿದರೆ ಹೆದರಿ ಆಪರೇಷನ್ ಬೇಡ ಅಂದಾಳು, ಅಂದರೆ ಉಳಿಯಲಾರಳು, ಆ ಪಾಪ ನನ್ನ ತಲೆಗೇ. ಆದರೆ ಅವಳ ಮುಖ ನೋಡಿದ ಮೇಲೆ ಸುಳ್ಳು ಹೇಳುವುದಕ್ಕೆ ನನ್ನಿಂದ ಆಗಲಿಲ್ಲ.

"ಹುಣ್ಣಲ್ಲ ಕಣವ್ವ. ಕ್ಯಾನ್ಸರು. ನಿನಗೂ ಅದೇ. ಆದ್ರೆ ಬೇಗ ಸಿಕ್ಕಿದ್ರೆ ತೆಗೀಬೋದು. ನನಗೆ ತೆಗೆದಿದಾರೆ."

ಅವಳ ಕೈ ನಿಂತಿತು. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಹಿಡಿದಿದ್ದ ಗೆಡ್ಡೆಯನ್ನು ಕೆಳಗಿಟ್ಟು ಕೇಳಿದಳು.

"ಗೊತ್ತಿದ್ದೂ ಮಾಡುಸ್ಕೊಂಡ್ರಾ ಸಾ? ದೈರ್ಯ ಎಂಗ್ ಬಂತು ನಿಮ್ಗೆ?"

ಹೂಂ ಅಂದಿದ್ದರೆ ಅವಳಿಗೆ ಧೈರ್ಯ ಬರುತ್ತಿತ್ತು. ಆದರೆ ಅದೂ ಸುಳ್ಳೇ ಆಗುತ್ತಿತ್ತು. ಗೊತ್ತಿದ್ದರೆ ನಾನು ಅಣ್ಣನನ್ನು ನೆನೆದು ಓಡಿಹೋಗುತ್ತಿದ್ದೆನೋ, ಇಲ್ಲ ಒಂದು ರಾತ್ರಿ ಅತ್ತು ಬೆಳಿಗ್ಗೆ ಎದ್ದು ಹೂಂ ಅನ್ನುತ್ತಿದ್ದೆನೋ. ಇಷ್ಟು ವರ್ಷ ಬಾಳಿದ ನನಗೆ ನನ್ನ ಬಗ್ಗೆ ಅಷ್ಟೂ ಗೊತ್ತಿಲ್ಲ.

"ನಂಗೆ ಹೇಳಿರ್ಲಿಲ್ಲ ಕಣವ್ವ," ಎಂದೆ. "ಮಾಡಿಸ್ಕೊತಿದ್ನೋ ಇಲ್ವೋ ಗೊತ್ತಿಲ್ಲ. ಯಾರೂ ನನ್ನ ಕೇಳ್ಲಿಲ್ಲ."

ಅಷ್ಟರಲ್ಲಿ ಗಂಡ ಹಾಲಿನ ಲೋಟ ಹಿಡಿದು ಬಂದ. "ಏನಂದ್ರು ಡ್ರೈವರ್ರು? ನಾಳೆ ಹಾಸನಕ್ಕೆ ಓಗನಾ?" ಎಂದು ಕೇಳಿದ.

"ನಾಳೆ ಬ್ಯಾಡ," ಅಂದಳು ಅವಳು. "ಯಾವ ಕಾಯಿಲೆ ಅಂತ ಗೊತ್ತಾಯ್ತು ನಂಗೆ. ನಾಳೆ ಒಂದಿನ ಯೋಚ್ನೆ ಮಾಡ್ತೀನಿ. ನಾಡಿದ್ದು ನಾನೇ ಯೋಳ್ತೀನಿ."

ಆತ ನನ್ನನ್ನು ದುರುಗುಟ್ಟಿ ನೋಡಿದ. ಅದು ನನಗೆ ತಟ್ಟಲೇ ಇಲ್ಲ. ಕಾಯಿಲೆ ತೆಗೆಸಿಕೊಂಡು, ಬದುಕಿ, ಹಾಲು ಕುಡಿಯುತ್ತ ಕೂತಿದ್ದವನು ನಾನು. ಆ ಹೆಂಗಸಿಗೆ ಸಿಕ್ಕಿದ ಒಂದು ದಿನ ಕಂಡು ನನಗೆ ಹೊಟ್ಟೆಕಿಚ್ಚಾಯಿತು.