ಚಿಪ್ ನುಂಗಿದ ಹೂಂ

ಮೇಡಂ ಹೆಡ್‌ಫೋನನ್ನು ಎಂದೂ ಎರಡೂ ಕಿವಿಗೆ ಹಾಕಿದವರಲ್ಲ. ಒಂದು ಬಟ್ಟಲು ಎಡಗಿವಿಗೆ, ಇನ್ನೊಂದು ಬಲಗಿವಿಯ ಹಿಂದೆ, ನರೆತ ಕೂದಲ ಮೇಲೆ. "ಒಂದು ಕಿವಿ ಮೆಷಿನ್ನಿಗೆ, ಒಂದು ಮನುಷ್ಯರಿಗೆ" ಎನ್ನುತ್ತಿದ್ದರು. ಯಾರು ಬಂದು ಗೋಳು ಹೇಳಿಕೊಂಡರೂ ಕೆಲಸ ನಿಲ್ಲಿಸದೆ "ಹೂಂ, ಹೂಂ" ಎಂದು ಕೇಳುತ್ತಿದ್ದರು, ನಡುವೆ ಬಾಯಿ ಹಾಕುತ್ತಿರಲಿಲ್ಲ.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ, ಲೇತ್ ಶೆಡ್ಡೊಂದರ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಕಂಪನಿ. ಇಂಟರ್ನೆಟ್ ಫೋನಿನಲ್ಲಿ ಆಡುವ ಮಾತನ್ನು ಆಡಿದ ಕ್ಷಣವೇ ಹಿಂಡಿ, ಚಿಕ್ಕದು ಮಾಡಿ ಕಳಿಸುವ ಚಿಪ್‌ಗೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಮೇಡಂ ನನ್ನ ಸೀನಿಯರ್. ಸೇರಿ ಐದು ತಿಂಗಳಾಗಿದ್ದ ನನ್ನ ಪಾಲಿಗೆ ಬಂದದ್ದು ಒಂದೇ ಭಾಗ: ಮಾತು ಯಾವುದು, ಬರೀ ಸದ್ದು ಯಾವುದು ಎಂದು ಗುರುತಿಸಿ, ಸದ್ದನ್ನು ಕಳಿಸದೆ ಬಿಡುವುದು. ಮೇಡಂ ಮಾಡಿಟ್ಟಿದ್ದ ಪರೀಕ್ಷೆಗಳಲ್ಲೆಲ್ಲ ನನ್ನ ಪ್ರೋಗ್ರಾಂ ಪಾಸಾಗಿ ನನಗೆ ಕೋಡು ಮೂಡಿತ್ತು.

ಗಿರಾಕಿಗಳು ಬಂದು ನಮ್ಮ ಫೋನಿನಲ್ಲಿ ಮಾತಾಡಿ ನೋಡಿದರು. ಎರಡೇ ನಿಮಿಷಕ್ಕೆ "ಹಲೋ, ಇದೀರಾ? ಕೇಳಿಸ್ತಿದ್ಯಾ?" ಶುರುವಾಯಿತು. ಲೈನ್ ಚೆನ್ನಾಗಿಯೇ ಇತ್ತು. ಆದರೂ ಅವರು ನಿಂತು ನಿಂತು ಕೇಳುತ್ತಲೇ ಇದ್ದರು. ಒಂದು ವಾರ ಗಡುವು ಕೊಟ್ಟು ಹೋದರು.

"ನೋಡಪ್ಪಾ, ಇದು ಸರಿ ಹೋಗ್ಲಿಲ್ಲ ಅಂದ್ರೆ ನೀನು ಬೇರೆ ಕಡೆ ನೋಡ್ಕೋಬೇಕಾಗತ್ತೆ" ಎಂದರು ಮಾಲೀಕರು. ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲ ಪರೀಕ್ಷೆ ಪಾಸಾಗಿದ್ದೆನಲ್ಲ.

ಮೇಡಂ ಅಂದು ಸಂಜೆ ಮಾರೇನಹಳ್ಳಿಯ ತಮ್ಮ ತಾಯಿಯ ಮನೆಯಲ್ಲಿ ನಮ್ಮ ಫೋನೊಂದನ್ನು ಇಟ್ಟು ಬಂದರು. ಮರುದಿನ ಆಫೀಸಿನಲ್ಲಿದ್ದ ಅಂಥದೇ ಫೋನಿನಿಂದ ಕರೆ ಮಾಡಿದರೆ, ತಾಯಿ ಪಕ್ಕದ ಮನೆಯ ನಿಶ್ಚಿತಾರ್ಥದ ಕಥೆ ತೆಗೆದರು. ಮೂರು ಮಾತಾಗುವಷ್ಟರಲ್ಲಿ, "ಏನೇ, ಕೇಳಿಸ್ಕೊತಿದೀಯಾ? ಕೋಪಾನಾ?"

ಮೇಡಂ ನನ್ನ ಕಡೆ ತಿರುಗಿದರು. "ನಾನು ಹೂಂ ಅಂತಾನೇ ಇದೀನಿ ಕಣೋ. ಅಮ್ಮಂಗೆ ಒಂದೂ ಹೋಗ್ತಿಲ್ಲ. ಮೆತ್ತಗಿದೆ ಅಂತ ನಿನ್ ಚಿಪ್ ಬಿಸಾಕ್ತಿದೆ."

ಹೂಂಗುಟ್ಟುವವರಿಲ್ಲದೆ ನಮ್ಮವರು ಯಾರು ತಾನೇ ಮಾತು ಮುಂದುವರಿಸುತ್ತಾರೆ? ಪರೀಕ್ಷೆಗೆ ಇಟ್ಟ ಧ್ವನಿಗಳೆಲ್ಲ ಮಾತಾಡುವವರದ್ದು. ಕೇಳುವವರದ್ದು ಒಂದೂ ಇರಲಿಲ್ಲ.

ನನ್ನ ಕಥೆ ಮುಗಿಯಿತು ಎಂದುಕೊಂಡೆ. ಮೇಡಂ ನನ್ನನ್ನು ಕರೆದುಕೊಂಡು ನೇರ ಮಾಲೀಕರ ಕೋಣೆಗೆ ಹೋದರು. "ತಪ್ಪು ಟೆಸ್ಟಲ್ಲಿದೆ ಸಾರ್. ಟೆಸ್ಟ್ ಮಾಡಿದ್ದು ನಾನು. ಇವನನ್ನ ಕಳಿಸೋದಾದ್ರೆ ಮೊದ್ಲು ನನ್ನ ಕಳಿಸಿ."

ಹೂಂ ಎಷ್ಟೇ ಮೆತ್ತಗಿದ್ದರೂ ಅದರಲ್ಲಿ ಗಂಟಲಿನ ಕಂಪನ ಇರುತ್ತದೆ, ಫ್ಯಾನಿನ ಗಾಳಿಯಲ್ಲಿ ಇರುವುದಿಲ್ಲ. ಅದನ್ನು ಹುಡುಕುವಷ್ಟು ಪುರಸೊತ್ತು ಮಾತ್ರ ಚಿಪ್‌ಗೆ ಇರಲಿಲ್ಲ. ಮೇಡಂ ನಾಲ್ಕು ದಿನ ಕೂತು, ತಾವೇ ಬರೆದಿದ್ದ ಹಳೆಯ ಪ್ರೋಗ್ರಾಮನ್ನು ಸಾಲು ಸಾಲಾಗಿ ಕತ್ತರಿಸಿ ನನ್ನ ಹುಡುಕಾಟಕ್ಕೆ ಬಿಡುವು ಮಾಡಿಕೊಟ್ಟರು. ಗಿರಾಕಿಗಳು ಮತ್ತೆ ಬಂದವರು ಮುಕ್ಕಾಲು ಗಂಟೆ ಹರಟೆ ಹೊಡೆದರು, ಯಾರೂ ನಡುವೆ ಹಲೋ ಎನ್ನಲಿಲ್ಲ. ನನ್ನ ಕೆಲಸ ಉಳಿಯಿತು.

ಮೇಡಂ ಈಗ ನಿವೃತ್ತರಾಗಿ ಕೆಂಗೇರಿಯಲ್ಲಿದ್ದಾರೆ. ನನ್ನ ಕೈಕೆಳಗೂ ನಾಲ್ಕು ಜನ ಇದ್ದಾರೆ, ಅವರ ತಪ್ಪಿಗೆ ಮೊದಲು ನನ್ನ ಟೆಸ್ಟನ್ನೇ ನೋಡಿಕೊಳ್ಳುತ್ತೇನೆ. ಆದರೆ ಆ ದಿನದ ಮಾತಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ, ದರಿದ್ರ ನಾಲಿಗೆ. ಕಳೆದ ಭಾನುವಾರ ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತು ಫೋನ್ ಮಾಡಿ, ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಅವರು ಎಂದಿನಂತೆ ಬಾಯಿ ಹಾಕಲಿಲ್ಲ. ರೈಲಿನ ಗದ್ದಲದಲ್ಲೂ ಅವರ ಒಂದೊಂದು ಹೂಂ ಕೇಳಿಸಿತು.

"ಇದನ್ನ ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನೋ?" ಎಂದರು ಕೊನೆಗೆ.

"ಹೂಂ" ಎಂದೆ, ಮೆತ್ತಗೆ.

"ಕೇಳಿಸ್ತು ಬಿಡು" ಎಂದರು ಮೇಡಂ.