ಮುಂದಿನ ಸಾಲು ಹೇಳಿಕೊಟ್ಟ ಹಾರುಯೊ ಸಾನ್

ಹಾರುಯೊ ಸಾನ್ ಕಸ ಹಾಕಲು ಬರುವಾಗಲೂ ಕೌಬಾಯ್ ಬೂಟು ತೊಟ್ಟೇ ಬರುತ್ತಿದ್ದರು. ಎಪ್ಪತ್ತು ದಾಟಿದ ಸಣ್ಣ ಆಳಿನ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು, ಮುಖಕ್ಕೆ ಮಾಸ್ಕು, ಕಾಲಿಗೆ ಕೆಂಪು ಚರ್ಮದ ಎತ್ತರದ ಬೂಟು. ಜಪಾನಿನ ಗ್ಯೋಟೋಕುವಿನ ನಮ್ಮ ಮೂರಂತಸ್ತಿನ ಕಟ್ಟಡದ ಮುಂದೆ, ಕಾಗೆಗಳು ಎಳೆದಾಡದಂತೆ ಕಸದ ಚೀಲಗಳಿಗೆ ಬಲೆ ಹೊದಿಸುವ ಕೆಲಸವನ್ನು ಅವರಿಗೆ ಯಾರೂ ವಹಿಸಿರಲಿಲ್ಲ. ಅವರೇ ವಹಿಸಿಕೊಂಡು, ಯಾರು ಯಾವ ದಿನ ಏನು ಹಾಕಿದರು ಎಂಬುದನ್ನೆಲ್ಲ ನೆನಪಿಟ್ಟುಕೊಂಡಿದ್ದರು.

ನಾನು ಮೈಸೂರಿನಿಂದ ಬಂದ ಹೊಸತು. ತೆಂಗಿನ ಚಿಪ್ಪು ಅಷ್ಟು ಗಟ್ಟಿಯಿದೆಯಲ್ಲ, ಸುಡುವ ಕಸಕ್ಕೆ ಸೇರಲಾರದು ಎಂದುಕೊಂಡು ಅದನ್ನು ಗಾಜು, ಪಿಂಗಾಣಿಯ ದಿನ ಹಾಕಿದ್ದೆ. ಸಂಜೆ ಬಾಗಿಲು ತೆರೆದರೆ ಎರಡೂ ಹೋಳು ತೊಳೆದು, ಒರೆಸಿ, ಬಟ್ಟೆಯಲ್ಲಿ ಅಂದವಾಗಿ ಗಂಟು ಕಟ್ಟಿ ಹೊಸ್ತಿಲ ಮುಂದೆ ಇಟ್ಟಿತ್ತು. ಮೇಲೊಂದು ಚೀಟಿ: 'ಮಂಗಳವಾರ.' ಸುಡುವ ಕಸದ ದಿನ ಅದು. ಅಷ್ಟು ಮರ್ಯಾದೆಯಿಂದ ನನ್ನ ಮರ್ಯಾದೆಯನ್ನು ಅದುವರೆಗೆ ಯಾರೂ ತೆಗೆದಿರಲಿಲ್ಲ.

ಸೇಡು ಇಟ್ಟುಕೊಳ್ಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸ್ಟೇಷನ್ ದಾರಿಯ ತರಕಾರಿ ಅಂಗಡಿಯವನು ಒಮ್ಮೆ ಹುಳುಕು ಮೂಲಂಗಿ ಕೊಟ್ಟನೆಂದು ಅಂದಿನಿಂದಲೂ ರಸ್ತೆ ದಾಟಿ ಆಚೆ ಬದಿಯಲ್ಲೇ ನಡೆಯುತ್ತಿದ್ದರು. ಆ ಮುದುಕ ಸತ್ತು ಈಗ ಮೊಮ್ಮಗ ಅಂಗಡಿ ನಡೆಸುತ್ತಾನೆ ಎಂದು ನಾನು ಹೇಳಿದರೆ, "ಮೂಲಂಗಿ ಅದೇ ಜಾಗದಲ್ಲಿ ಜೋಡಿಸಿದ್ದಾನಲ್ಲ," ಎಂದರು. ಅವರು ಆಡಿದ್ದೆಲ್ಲ ಜಪಾನಿಯಲ್ಲಿ. ನನ್ನ ಕಿವಿಯಲ್ಲಿ ಮಾತ್ರ ಅದು ನಮ್ಮ ಸೋದರತ್ತೆಯ ಕನ್ನಡವಾಗಿ ಉಳಿದುಬಿಟ್ಟಿದೆ, ಹಾಗೆಯೇ ಬರೆಯುತ್ತಿದ್ದೇನೆ.

ಆಮೇಲೆ ಕೊರೊನಾ ಬಂತು. ಆಫೀಸು ಮನೆಯೊಳಗೆ ನುಗ್ಗಿತು. ನನ್ನ ಗಂಡ ಗಿರೀಶ ಮಲಗುವ ಕೋಣೆಯಲ್ಲಿ, ನಾನು ಬಾಲ್ಕನಿಯ ಪಕ್ಕದ ಮೂಲೆಯಲ್ಲಿ. ನಮ್ಮ ಬಾಲ್ಕನಿಗೂ ಹಾರುಯೊ ಸಾನ್ ಬಾಲ್ಕನಿಗೂ ನಡುವೆ ಒಂದು ತೆಳು ತಡಿಕೆ ಅಷ್ಟೇ. ಅತ್ತ ಕಡೆಯಿಂದ ದಿನವೂ ಮಧ್ಯಾಹ್ನ ಗಿಟಾರಿನೊಂದಿಗೆ ಅಮೆರಿಕದ ಹಳ್ಳಿಗಾಡಿನ ಹಾಡು, ಕಂಟ್ರಿ ಎನ್ನುತ್ತಾರಲ್ಲ, ಅದು ಜಪಾನಿಯಲ್ಲಿ ಕೇಳಿಬರುತ್ತಿತ್ತು. ಒಂದು ದಿನ ನಾನು ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸವನ್ನು ನಮ್ಮ ಮ್ಯಾನೇಜರ್ ಮಹಾಶಯ ನನ್ನ ಹೆಸರು ಅಳಿಸಿ, ತನ್ನ ಹೆಸರು ಹಾಕಿ, ನಾನೂ ಇದ್ದ ಮೀಟಿಂಗಿನಲ್ಲೇ ತೋರಿಸಿದ. ನಾನು ಮ್ಯೂಟ್ ಮಾಡಿ ಬಾಲ್ಕನಿಗೆ ಬಂದು ಅತ್ತೆ. ಹಾಡು ನಿಂತಿತು. ತಡಿಕೆಯ ಆಚೆಯಿಂದ ಏನಾಯಿತೆಂದು ಕೇಳಿದರು. ಹೇಳಿದೆ. "ಅಳೋದು ಇರಲಿ. ಗುರುತು ಏನಾದರೂ ಇಟ್ಟುಕೊಂಡಿದೀಯಾ?" ಎಂದರು.

ಅವರು ಇಟ್ಟುಕೊಂಡಿದ್ದರು. ಪ್ರಾಯದಲ್ಲಿ ಅವರೂ ಗಂಡನೂ ಸೇರಿ ಅಮೆರಿಕದ ಸೈನಿಕರ ಕ್ಲಬ್ಬುಗಳಲ್ಲಿ ಹಾಡುತ್ತಿದ್ದರಂತೆ. ಆ ಗಂಡನ ಹೆಸರನ್ನು ಅವರು ಬಾಯಲ್ಲಿ ತೆಗೆದುಕೊಂಡದ್ದನ್ನು ನಾನು ಕೇಳಿಲ್ಲ. ಅವನು ಮಲಗುವಾಗ ಬಿಟ್ಟರೆ ಇಡೀ ದಿನ ಕೌಬಾಯ್ ಟೋಪಿ ಹಾಕಿಕೊಂಡಿರುತ್ತಿದ್ದನಾದ್ದರಿಂದ 'ಆ ಟೋಪಿ' ಎನ್ನುತ್ತಿದ್ದರು. ನಮ್ಮಲ್ಲಿ ಟೋಪಿ ಹಾಕುವುದೆಂದರೆ ಏನೆಂದು ನಾನು ವಿವರಿಸಿದಾಗ ನಕ್ಕು ನಕ್ಕು ಕೆಮ್ಮು ಬಂದು, ನೆರೆಯವರು ಕಿಟಕಿ ಮುಚ್ಚಿಕೊಂಡರು.

ಗ್ಯೋಟೋಕು ಒಂದು ಕಾಲಕ್ಕೆ ಉಪ್ಪಿನ ಗದ್ದೆಗಳ ಊರು. ಹಾರುಯೊ ಸಾನ್ ಅಜ್ಜಿ ಉಪ್ಪು ಎಳೆದೂ ಎಳೆದೂ ಅಂಗಾಲು ಬಿರಿದವರು. ಆ ಅಜ್ಜಿಯ ಕಾಲಿನ ಮೇಲೆ ಇವರೊಂದು ಹಾಡು ಕಟ್ಟಿದರು. ಟೋಪಿ ಅದನ್ನು ಕಲಿತು, ತನ್ನ ಹೆಸರಿನಲ್ಲಿ ರೆಕಾರ್ಡ್ ಮಾಡಿ ದೇಶಕ್ಕೆಲ್ಲ ಹೆಸರಾದ. ಕೇಳಿದ್ದಕ್ಕೆ, ಒಂದು ಮನೆಗೆ ಒಂದೇ ಹೆಸರು ಸಾಕು ಎಂದನಂತೆ. ಆಮೇಲೆ ಕುಡಿತ, ಬೇರೆ ಹೆಂಗಸರು. ಇವರನ್ನು ವೇದಿಕೆಯಿಂದ ಇಳಿಸಿ, ಮನೆಯಿಂದಲೂ ಹೊರಡಿಸಿ, ಹುಚ್ಚು ಕೋಪದ ಹೆಂಡತಿ ತಟ್ಟೆ ಎಸೆದು ಬಿಟ್ಟುಹೋದಳೆಂದು ಸಂದರ್ಶನಗಳಲ್ಲಿ ಹೇಳಿಕೊಂಡು ಬಂದ. ಎಸೆದಿದ್ದಿರಾ ಎಂದು ಕೇಳಿದೆ.

"ಒಂದೇ ತಟ್ಟೆ," ಎಂದರು. "ಅದೂ ಗುರಿ ತಪ್ಪಿತು. ಅದೊಂದೇ ನನಗೆ ಬೇಜಾರು."

ಆ ಟೋಪಿಯ ಜೀವನದ ಮೇಲೆ ಈಗ ಸಿನಿಮಾ ತಯಾರಾಗುತ್ತಿತ್ತು. ಹೆಂಡತಿಯ ಪಾತ್ರಕ್ಕೆ ನಿಜವಾದ ಹೆಂಡತಿಯ ಒಪ್ಪಿಗೆ ಬೇಕು, ಒಪ್ಪಿಗೆಪತ್ರದ ಮೇಲೆ, ಇಲ್ಲಿ ಸಹಿಯ ಬದಲು ಒತ್ತುವ ಅವರ ಹೆಸರಿನ ಮುದ್ರೆ ಬೀಳಬೇಕು. ಊರೆಲ್ಲ ಮನೆಯೊಳಗೆ ಕೂತಿದ್ದಾಗಲೂ ಈ ದೇಶದಲ್ಲಿ ಜನ ಒಂದು ಮುದ್ರೆ ಒತ್ತಿಸಲು ರೈಲು ಹತ್ತುತ್ತಿದ್ದರು. ನಿರ್ದೇಶಕ ಚಿಕ್ಕ ವಯಸ್ಸಿನವನು, ಸಿಹಿಯ ಪೊಟ್ಟಣ ಹಿಡಿದು ಮೂರು ಸಲ ಬಂದ. ಮೂರು ಸಲವೂ ಹಾರುಯೊ ಸಾನ್ ಸಿಹಿ ತೆಗೆದುಕೊಂಡು ಬಾಗಿಲು ಹಾಕಿದರು. ಮುದ್ರೆ ಮಾತ್ರ ನಾನು ಕೊಟ್ಟ ಸಾರಿನ ಪುಡಿಯ ಡಬ್ಬಿಯೊಳಗೆ ಭದ್ರವಾಗಿತ್ತು.

ಇದರ ನಡುವೆಯೇ ಒಂದು ಮಧ್ಯಾಹ್ನ ತಡಿಕೆಯ ಸಂದಿನಿಂದ ಹಳೆಯದೊಂದು ಕ್ಯಾಸೆಟ್ ನನ್ನ ಕಡೆಗೆ ಚಾಚಿದರು. ನೀನು ಕಂಪ್ಯೂಟರಿನವಳಲ್ಲವೇ, ಇದಕ್ಕೆ ಜೀವ ಕೊಡು ಎಂದರು. ಗಿರೀಶನಿಗೆ ಗಾಬರಿ. "ಯಾಕೆ ಬೇಕು ಸುಧಾ ಇದೆಲ್ಲಾ? ಅವ್ರ ಫ್ಯಾಮಿಲಿ ಮ್ಯಾಟರ್ ಅದು. ವೀಸಾ ಮೇಲೆ ಇರೋರು ನಾವು, ಸುಮ್ನೆ ಇರೋಣ," ಎಂದ. ನನ್ನ ಮ್ಯಾನೇಜರನ ಮುಖ ನೆನೆಸಿಕೊಂಡು ಹಳೆ ಸಾಮಾನಿನ ಅಂಗಡಿಯಿಂದ ಒಂದು ಟೇಪ್‌ರೆಕಾರ್ಡರ್ ತಂದೆ.

ನಾಲ್ಕು ಸಂಜೆ ಕೂತು ಕ್ಯಾಸೆಟ್ಟಿನ ಗೊರಗೊರ, ಚಟಪಟ ಎಲ್ಲ ತೆಗೆದೆ. ಹಾಡಿನ ನಡುವೆ ಯಾರೋ ಗಂಡಸು ದೂರದಿಂದ ಗೊಣಗುವುದು ಕೇಳುತ್ತಿತ್ತು. ಅದನ್ನೂ ಶ್ರದ್ಧೆಯಿಂದ ತೆಗೆದು, ಹಾರುಯೊ ಸಾನ್ ದನಿ ಮಾತ್ರ ಉಳಿಸಿ, ಹೆಮ್ಮೆಯಿಂದ ಕೇಳಿಸಿದೆ. ಅವರ ಮುಖ ಕೆಂಪಾಯಿತು.

"ಕಸ ಯಾವುದು ಅಂತ ಇಷ್ಟು ವರ್ಷವಾದರೂ ನಿನಗೆ ಗೊತ್ತಾಗಲಿಲ್ಲ," ಎಂದರು. "ನೀನು ತೆಗೆದು ಎಸೆದೆಯಲ್ಲ, ಅದೇ ನನಗೆ ಬೇಕಾದದ್ದು."

ಪುಣ್ಯಕ್ಕೆ ಮೂಲ ಹಾಗೇ ಇತ್ತು. ಮತ್ತೆ ಕೂತು ಈ ಸಲ ಆ ಗೊಣಗಾಟವನ್ನೇ ಎತ್ತರಿಸಿದೆ. ಅದು ಟೋಪಿಯ ದನಿ, ಹರೆಯದ್ದು. ಹಾಡು ಕಲಿಯುತ್ತಿದ್ದಾನೆ, ಮತ್ತೆ ಮತ್ತೆ ಮರೆಯುತ್ತಿದ್ದಾನೆ.

ನಾಲ್ಕನೆಯ ಸಲ ನಿರ್ದೇಶಕ ಬಂದಾಗ ಹಾರುಯೊ ಸಾನ್ ಅವನನ್ನು ಒಳಗೆ ಕರೆದು ಕೂರಿಸಿದರು. ಕಥೆಯಲ್ಲಿ ಒಂದಕ್ಷರವನ್ನೂ ಬದಲಿಸುವುದು ಬೇಡ, ತಟ್ಟೆ ಬೇಕಾದಷ್ಟು ಹಾರಲಿ, ಆದರೆ ಕೊನೆಯಲ್ಲಿ ಹೆಸರುಗಳು ಬರುವಾಗ ಈ ಕ್ಯಾಸೆಟ್ಟಿನ ಹಾಡು ಪೂರ್ತಿ ಬರಬೇಕು ಎಂದರು. ಅವನು ಹೆಡ್‌ಫೋನಿನಲ್ಲಿ ಎರಡು ಸಲ ಕೇಳಿದ. ತಣ್ಣಗಾಗಿದ್ದ ಚಹಾ ಕುಡಿದು, ಹಾಗೇ ಹಾಕುತ್ತೇನೆ ಎಂದ. ಕೊನೆಗೆ ಮುದುಕಿಯ ಹಳೆಯ ಹಾಡೊಂದು ಇರುತ್ತದಂತೆ ಎಂದು ಟೋಪಿಗೆ ಸುದ್ದಿ ಮುಟ್ಟಿದಾಗ, ಇರಲಿ ಬಿಡಿ ಎಂದು ಧಾರಾಳ ತೋರಿದನಂತೆ. ಸಾರಿನ ಪುಡಿಯ ವಾಸನೆಯ ಮುದ್ರೆ ಕಾಗದದ ಮೇಲೆ ಬಿತ್ತು.

ಮೊದಲ ಪ್ರದರ್ಶನಕ್ಕೆ ನನ್ನನ್ನೂ ಕರೆದೊಯ್ದರು. ಒಂದು ಬಿಟ್ಟು ಒಂದು ಸೀಟಿಗೆ ಕಾಗದ ಅಂಟಿಸಿದ್ದ ಸಣ್ಣ ಚಿತ್ರಮಂದಿರ. ಸಿನಿಮಾ ಮುಗಿದ ಮೇಲೆ ಟೋಪಿ ವೇದಿಕೆ ಹತ್ತಿ, ಆ ಹಾಡು ಹುಟ್ಟಿದ ಕಥೆ ಹೇಳುತ್ತಾನೆಂದು ಬಾಗಿಲಲ್ಲೇ ಬರೆದಿತ್ತು. ಅವನು ನಮ್ಮ ಮುಂದಿನ ಸಾಲಿನಲ್ಲೇ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಸಿನಿಮಾದಲ್ಲಿ ಅವನ ಪಾತ್ರದವನು ಕಿಟಕಿಯ ಪಕ್ಕ ಕೂತು ಕಣ್ಣೀರಿಡುತ್ತ ಉಪ್ಪಿನ ಹಾಡು ಬರೆದ. ಹೆಂಡತಿ ಹಿಂದಿನಿಂದ ಮೂರು ತಟ್ಟೆ ಎಸೆದಳು. ಹಾರುಯೊ ಸಾನ್ ಕತ್ತಲಲ್ಲಿ ನನ್ನ ಕಡೆಗೆ ಮೂರು ಬೆರಳು ತೋರಿಸಿ, ಎರಡನ್ನು ಮಡಚಿದರು.

ಸಿನಿಮಾ ಮುಗಿದು ಹೆಸರುಗಳು ಬರಲು ಶುರುವಾದವು. ನಮ್ಮ ಮೈಸೂರಿನಲ್ಲಾದರೆ ಅಷ್ಟು ಹೊತ್ತಿಗೆ ಜನ ಸ್ಕೂಟರ್ ಸ್ಟಾರ್ಟ್ ಮಾಡಿರುತ್ತಾರೆ. ಇಲ್ಲಿ ಲೈಟು ಹತ್ತುವವರೆಗೂ ಒಬ್ಬರೂ ಏಳುವುದಿಲ್ಲ. ಕೊನೆಯ ಹೆಸರಿನವರೆಗೂ ಪೂಜೆಗೆ ಕೂತವರ ಹಾಗೆ ಕೂರುತ್ತಾರೆ. ಎಷ್ಟೋ ಸಲ ನಾನು ಈ ಪದ್ಧತಿಗೆ ಶಾಪ ಹಾಕಿದ್ದೆ. ಅಂದು ಕೈ ಮುಗಿದೆ.

ಹರೆಯದ ಹೆಣ್ಣಿನ ದನಿ ಹಾಡಿತು, ನಿಂತಿತು. ಗಂಡಿನ ದನಿ ಕೇಳಿತು: "ಮುಂದಿನ ಸಾಲು ಏನು?" ಹೆಣ್ಣು ಹೇಳಿಕೊಟ್ಟಳು. ಅವನು ತಪ್ಪಾಗಿ ಹಾಡಿದ. ಅವಳು ತಿದ್ದಿದಳು. ಮತ್ತೆ, "ಮುಂದಿನ ಸಾಲು?" ಅದೇ ಹೊತ್ತಿಗೆ ಪರದೆಯ ಮೇಲೆ 'ಗೀತೆ, ಸಂಗೀತ' ಎಂದು ಅವನ ಹೆಸರು ದೊಡ್ಡದಾಗಿ ಮೇಲೇರಿತು. "ಇದು ಎಲ್ಲಿ ಸಿಕ್ಕಿತು ನಿನಗೆ?" ಎಂದು ಕ್ಯಾಸೆಟ್ಟಿನ ಗಂಡು ಕೇಳಿದ. "ನಾನು ಕಟ್ಟಿದ್ದು. ನಮ್ಮ ಅಜ್ಜಿಯದು. ಸರಿಯಾಗಿ ಕಲಿ," ಎಂದಳು ಹೆಣ್ಣು.

ಮುಂದಿನ ಸಾಲಿನಲ್ಲಿ ಟೋಪಿ ಅರ್ಧ ಎದ್ದ. ಯಾರೂ ಏಳದಿದ್ದುದರಿಂದ ಎದ್ದವನೊಬ್ಬನೇ ಕಾಣುತ್ತಿದ್ದ. ಮತ್ತೆ ಕೂತ. ಲೈಟು ಹತ್ತಿತು. ವೇದಿಕೆಗೆ ಹೋಗಿ, ಕೈಯಲ್ಲಿದ್ದ ಕಾಗದ ನೋಡಿ, ಬಂದದ್ದಕ್ಕೆ ಧನ್ಯವಾದ ಎಂದಷ್ಟೇ ಹೇಳಿ ಇಳಿದ. ಜನ ತಲೆ ತಗ್ಗಿಸಿ ಕೂತಿದ್ದರು. ನನಗೆ ಆದ ಸಂತೋಷವನ್ನು ಬಚ್ಚಿಡುವುದಿಲ್ಲ. ಅಷ್ಟು ಸಂತೋಷ ನನಗೆ ಬಡ್ತಿ ಸಿಕ್ಕಾಗಲೂ ಆಗಿರಲಿಲ್ಲ.

ಹೊರಗೆ ಅವನು ಎದುರಾದಾಗ ಹಾರುಯೊ ಸಾನ್ ಬಗ್ಗಿ ನಮಸ್ಕರಿಸಲಿಲ್ಲ. "ಪ್ರತಿಯೊಂದನ್ನೂ ಹಾಕೋದಕ್ಕೆ ಒಂದು ದಿನ ಇರುತ್ತೆ," ಎಂದು ಹೇಳಿ, ಬೂಟು ಟಕಟಕ ಸದ್ದು ಮಾಡುತ್ತ ನಡೆದರು.

ಸಿನಿಮಾದವರೊಂದಿಗಿನ ಒಪ್ಪಂದದ ಪ್ರಕಾರ ಟೋಪಿ ಊರೂರಿಗೆ ಹೋಗಿ, ಪ್ರತಿ ಊರಲ್ಲೂ ಜನರ ನಡುವೆ ಕೂತು, ಕೊನೆಗೆ ವೇದಿಕೆ ಹತ್ತಬೇಕಿತ್ತು. ಆ ಊರುಗಳ ಪಟ್ಟಿಯನ್ನು ಹಾರುಯೊ ಸಾನ್ ಫ್ರಿಜ್ಜಿನ ಮೇಲೆ ಅಂಟಿಸಿ, ಒಂದೊಂದೇ ಊರಿಗೆ ಗೀಟು ಎಳೆಯುತ್ತಿದ್ದರು.

ಪಟ್ಟಿ ಮುಗಿಯುವ ಮುಂಚೆಯೇ ಅವರಿಗೆ ಜ್ವರ ಬಂತು. ನೋಡಲು ಆಸ್ಪತ್ರೆಗೆ ಯಾರನ್ನೂ ಬಿಡುತ್ತಿರಲಿಲ್ಲ, ಹೋದ ಹಾರುಯೊ ಸಾನ್ ತಿರುಗಿ ಬರಲಿಲ್ಲ. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಆಂಬ್ಯುಲೆನ್ಸಿನ ಬಾಗಿಲಲ್ಲಿ. ಬಿಳಿ ಉಡುಪಿನವರು ಬೂಟು ಬಿಚ್ಚಲು ಹೇಳಿ ಹೇಳಿ ಸೋತು ಹಾಗೇ ಮಲಗಿಸಿದ್ದರು. ಹತ್ತಿರ ಹೋಗಬಾರದೆಂದು ನನ್ನನ್ನು ದೂರದಲ್ಲೇ ನಿಲ್ಲಿಸಿದರು. ಅಲ್ಲಿಂದಲೇ ಏನಾದರೂ ಬೇಕೇ ಎಂದು ಕೂಗಿ ಕೇಳಿದೆ.

ಮಾಸ್ಕು ಸರಿಸಿ, "ಅವನಿಗೆ ಇನ್ನೂ ಎಷ್ಟು ಊರು ಬಾಕಿ ಇದೆ?" ಎಂದರು.

ನಾಲ್ಕು ಎಂದೆ. ಹೊದಿಕೆಯಿಂದ ಕೈ ಹೊರಗೆ ಬಂತು. ನಾಲ್ಕು ಬೆರಳು ಎತ್ತಿ ತೋರಿಸಿದರು. ಬಾಗಿಲು ಮುಚ್ಚುವವರೆಗೂ ಒಂದನ್ನೂ ಮಡಚಲಿಲ್ಲ.