ಕೆಂಪು ಕಣ್ಣಿನ ಹಳದಿ ಮರಿ

ದರ್ಜಿಗೆ ತನ್ನ ಷಡ್ಡಕನೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಹೆಂಡತಿಯ ತಂಗಿಯ ಗಂಡ, ಲಿಫ್ಟ್ ರಿಪೇರಿ ಮಾಡುವವನು. ಮುಟ್ಟಿದ್ದೆಲ್ಲ ಕೈಗೂಡುವ ಪುಣ್ಯವಂತ. ಅದನ್ನೆಲ್ಲ ಹೇಗೋ ನುಂಗಿಕೊಂಡಿದ್ದ ದರ್ಜಿಗೆ, ಅವನ ಮನೆಯಲ್ಲಿ ಕೆಂಪು ಕಣ್ಣಿನ ಹಳದಿ ಮರಿ ಹುಟ್ಟಿದೆ ಎಂಬ ಸುದ್ದಿ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಯಾಕೆ ಇಳಿದೀತು ಹೇಳಿ? ಜನ ಲವ್‌ಬರ್ಡ್ಸ್ ಎನ್ನುವ ಬಡ್ಜಿ ಗಿಳಿಗಳನ್ನು ಹನ್ನೊಂದು ವರ್ಷದಿಂದ ಸಾಕಿದವನು ಇವನು. ದಿನವಿಡೀ ಶಾಲೆಯ ಬೂದು ಯೂನಿಫಾರ್ಮ್ ಹೊಲಿಯುವವನಿಗೆ ಅಂಥದೊಂದು ಹಳದಿ ಮರಿ ತನ್ನ ಮನೆಯಲ್ಲಿ ಹುಟ್ಟಬೇಕೆಂಬುದೊಂದೇ ಆಸೆ. ಕೊಂಡುತಂದ ಹಳದಿ ಹೆಣ್ಣು ಹಸಿರು ಗಂಡಿನ ಜೊತೆ ಸೇರಿ, ಬರೀ ಹಸಿರು ಮರಿಗಳನ್ನು ಕೊಟ್ಟು ಸತ್ತಿತು. ತಾಯಿಯ ಬಣ್ಣ ಹೆಣ್ಣುಮಕ್ಕಳಿಗೆ ಬಾರದೆ ಇನ್ಯಾರಿಗೆ ಬಂದೀತು ಎಂದುಕೊಂಡು ಹೆಣ್ಣುಗಳನ್ನೆಲ್ಲ ಉಳಿಸಿಕೊಂಡ. ಕೊಕ್ಕಿನ ಮೇಲೆ ನೀಲಿ ಮೂಡಿದ ಗಂಡುಮರಿಗಳನ್ನು ಕಂಡಕಂಡವರಿಗೆ ಹಂಚಿ, ಹೆಣ್ಣುಗಳಿಗೆ ಹೊರಗಿನ ಹಸಿರು ಗಂಡುಗಳನ್ನು ತಂದು ಜೋಡಿ ಮಾಡಿದ. ಆಮೇಲೆ ನಾಲ್ಕು ವರ್ಷ ಗೂಡಿನ ಮಡಕೆಯೊಳಗೆ ಇಣುಕಿದಾಗಲೆಲ್ಲ ಹಸಿರು, ಹಸಿರು, ಹಾಳು ಹಸಿರು.

ಭಾನುವಾರ ಷಡ್ಡಕನ ಮನೆಗೆ ಹೋಗಿ ಮರಿಯನ್ನು ನೋಡಿದವನೇ ಹೊಟ್ಟೆಕಿಚ್ಚಿನಿಂದ ಉರಿದುಹೋದ. ಅಪ್ಪಟ ಬೆಣ್ಣೆಯ ಹಳದಿ.

"ಅಂಗಡಿಯಿಂದ ತಂದು ಮನೇಲಿ ಹುಟ್ಟಿದ್ದು ಅಂತಿದೀಯೇನೋ?"

"ಇಲ್ಲಣ್ಣ. ಇದರಪ್ಪ ನೀವು ಕೊಟ್ಟ ಹಸಿರು ಗಂಡೇ. ತಾಯಿ ಈ ಥರ ಹಳದಿಯಾದ್ರೆ, ಆ ಬಣ್ಣ ಗಂಡುಮರಿಗಳೊಳಗೆ ಅಡಗಿರುತ್ತಂತೆ. ಹಸಿರಾಗಿ ಕಾಣೋ ಹೆಣ್ಣಲ್ಲಿ ಇರೋದೇ ಇಲ್ವಂತೆ. ನಂಗೇನು ಗೊತ್ತಿತ್ತು, ಹಕ್ಕಿ ಕಾಳು ಮಾರೋರು ಹೇಳಿದ್ರು."

ದರ್ಜಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮನೆಯಲ್ಲಿ ಹದಿನಾಲ್ಕು ಹೆಣ್ಣು. ಒಂದರಲ್ಲೂ ಆ ಹಳದಿಯ ಹನಿಯಿಲ್ಲ. ಇದ್ದದ್ದನ್ನು ತಾನೇ ಕೈಯಾರೆ ಎತ್ತಿಕೊಟ್ಟಿದ್ದ, ಅದೂ ಇವನಿಗೆ.

"ಆ ಗಂಡನ್ನ ನೀವೇ ತಗೊಂಡ್ಹೋಗಿ ಅಣ್ಣ, ನಿಮ್ಮ ಹಕ್ಕಿನೇ ಅಲ್ವಾ," ಎಂದ ಷಡ್ಡಕ.

ಅವನ ಮುಖದಲ್ಲಿ ಕೊಂಕು ಹುಡುಕಿದ ದರ್ಜಿಗೆ ಅದು ಎಳ್ಳಷ್ಟೂ ಸಿಗಲಿಲ್ಲ. ಸಿಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಬೇಡಪ್ಪ. ಹಸಿರು ನಮ್ಮಲ್ಲಿ ಬೇಕಾದಷ್ಟಿದೆ," ಎಂದು ಚಪ್ಪಲಿ ಮೆಟ್ಟಿದ.

ಸರಿಯಾಗಿಯೇ ಹೇಳಿದೆ ಎಂದು ದಾರಿಯುದ್ದಕ್ಕೂ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಮನೆಗೆ ಬಂದರೆ ಕಿಟಕಿಯ ಬಳಿ ದೊಡ್ಡ ಪಂಜರ, ಉಜ್ಜಿ ತೊಳೆದು, ಹೊಸ ಕಾಳು ಹಾಕಿಟ್ಟದ್ದು. ಹೆಂಡತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು ಅವನ ಖಾಲಿ ಕೈ ನೋಡಿದಳು.

"ಆ ಗಂಡು ಹಕ್ಕಿ ಎಲ್ರೀ? ಹೇಗಾದ್ರೂ ಮಾಡಿ ನಿಮಗೆ ಕೊಡ್ಸು ಅಂತ, ನಾಲ್ಕು ದಿನದಿಂದ ನನ್ನ ತಂಗಿ ಹತ್ರ ಬೇಡ್ಕೋತಿದ್ದೆ."